ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡ

ಮಗಳೇ, ನಿನ್ನ ಮೆಸೇಜ್ ಬೆಳಗ್ಗೆಯೇ ನೋಡಿದೆ. ಪುಟ್ಟಿಗೆ ಮಿಡ್ ಟರ್ಮ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದಿದೆ, ಸೆಕೆಂಡ್ ಪಿಯುಸಿ ಬೇರೆ, ಫಿಸಿಕ್ಸ್ ಪುಸ್ತಕದ ಒಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಾಳೆ, ಸಂಜೆಯಾದರೆ ತಲೆನೋವು ಎಂದು ಮಲಗುತ್ತಾಳೆ, ಅಳಿಯಂದಿರು ಕಥೆ ಪುಸ್ತಕವನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ ಎನ್ನುತ್ತಿದ್ದಾರೆ, ಏನು ಮಾಡಲಿ ಅತ್ತೆ ಎಂದು ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಗ್ರೂಪಿನಲ್ಲಿ ಇರುವವರೆಲ್ಲ ಕೇಳಿ.

ಮೊದಲನೇ ಮಾತು. ಅವಳ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡ. ಅಳಿಯಂದಿರಿಗೂ ಕಿತ್ತುಕೊಳ್ಳಲು ಬಿಡಬೇಡ. ಯಾಕೆ ಹೇಳುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಅದು ಒಂದು ಸಲ ಆಗಿದೆ.

ನಿಮ್ಮ ಸಣ್ಣತ್ತೆಯ ಕಥೆ ನಿಮಗೆಲ್ಲ ಅರ್ಧ ಗೊತ್ತು. ಇನ್ನರ್ಧ ಹೇಳುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೇಳಕ್ಕ, ಹೆಣ್ಣುಮಕ್ಕಳಿಗೆ ಗೊತ್ತಾಗಲಿ ಎಂದಳು. ಆಗ ನಾವೆಲ್ಲ ಮೂಡಿಗೆರೆ ಮನೆಯಲ್ಲೇ ಇದ್ದದ್ದು. ದೊಡ್ಡಪ್ಪ ಹೇಳಿದ್ದೇ ಮಾತು. 1971ರಲ್ಲಿ 'ಶರಪಂಜರ' ಸಿನಿಮಾ ಬಂದ ಮೇಲೆ ಹೆಂಗಸರು ಎಲ್ಲಿ ಸೇರಿದರೂ ಅದೇ ಮಾತು. ನಮ್ಮನ್ನು ಸಿನಿಮಾಕ್ಕೆ ಕಳಿಸಲಿಲ್ಲ. ಪೇಟೆಯಲ್ಲಿ ಕಾದಂಬರಿಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಅಲ್ಲಿಂದ ತ್ರಿವೇಣಿಯವರ ಮೂಲ ಕಾದಂಬರಿಯನ್ನೇ ತಂದೆವು. ಖಾಕಿ ಬಟ್ಟೆಯ ಬೈಂಡು, ಒಳಗೆ ನೇರಳೆ ಶಾಯಿಯ ಸೀಲು. ಮೊದಲು ಓದಿದವರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ 'ಪಾಪ' ಎಂದು ಬರೆದಿದ್ದರು. ನಾನು ಓದಿ ಮುಗಿಸಿ ತಂಗಿಗೆ ಕೊಟ್ಟೆ.

ಅವಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಲೆಕ್ಕದ ಪುಸ್ತಕದ ಒಳಗೆ ಇಟ್ಟುಕೊಂಡು ಓದುತ್ತಿದ್ದಳು, ನಿನ್ನ ಪುಟ್ಟಿಯ ಹಾಗೇ. ದೊಡ್ಡಪ್ಪ ಹಿಂದಿನಿಂದ ಬಂದು ಕಿತ್ತುಕೊಂಡರು. ಅವಳ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ, ಅವಳ ಎದುರಿಗೇ ಹಂಡೆ ಒಲೆಗೆ ಹಾಕಿದರು. ಬೈಂಡು ದಪ್ಪ, ಬೇಗ ಹತ್ತಿಕೊಳ್ಳಲಿಲ್ಲ. ಊದುಕೊಳವೆ ತೆಗೆದುಕೊಂಡು ಊದಿದರು. ಪೂರ್ತಿ ಉರಿಯುವವರೆಗೂ ಅವಳು ಅಲ್ಲೇ ನಿಂತಿರಬೇಕು ಎಂದರು. ನಿಂತಿದ್ದಳು. ಅಂಗಡಿಯವರಿಗೆ ಅಮ್ಮ ಸಾಸಿವೆ ಡಬ್ಬಿಯ ದುಡ್ಡು ತೆಗೆದು ಕೊಟ್ಟರು, ಅದು ಬೇರೆ.

ಅವಳು ಅರ್ಧ ಮಾತ್ರ ಓದಿದ್ದಳು. ಕಥೆಯ ನಾಯಕಿ ಕಾವೇರಿಗೆ ಮುಂದೆ ಏನಾಯಿತು ಎಂದು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪರೀಕ್ಷೆ ಪಾಸಾದಳು. ನೋಡಿದಿರಾ, ಹೀಗೆ ಮಾಡಿದ್ದಕ್ಕೇ ಪಾಸಾದಳು ಎಂದು ದೊಡ್ಡಪ್ಪ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದರು. ಆದರೆ ಅವಳು ಅಲ್ಲಿಂದ ಮುಂದೆ ಮನೆಯಲ್ಲಿ ಏನನ್ನೂ ಹೇಳುವುದನ್ನೇ ಬಿಟ್ಟಳು. ಜ್ವರ ಬಂದರೂ ಹೇಳಳು. ಚಪ್ಪಲಿ ಕಿತ್ತುಹೋದರೂ ಹೇಳಳು. ಕಥೆ ಪುಸ್ತಕವನ್ನಂತೂ ಕೈಯಲ್ಲಿ ಹಿಡಿಯಲಿಲ್ಲ.

ಮದುವೆಯಾಯಿತು, ಹೆರಿಗೆಗೆ ಬಂದಳು. ಬಾಣಂತನದಲ್ಲಿ ರಾತ್ರಿಯಿಡೀ ಎದ್ದು ಕೂರುತ್ತಿದ್ದಳು. ಮಗು ಅತ್ತರೆ ಗೋಡೆ ಕಡೆ ತಿರುಗುತ್ತಿದ್ದಳು. ಕೇಳಿದರೆ ಏನಿಲ್ಲ, ಏನಿಲ್ಲ. ಆಲೂರು ಅತ್ತೆ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ನಾನು ನೋಡಲು ಹೋದವಳು ಬಾಗಿಲಲ್ಲೇ ನಿಂತೆ. ನಾನು ಓದಿದ್ದೆನಲ್ಲ! ಬಾಣಂತಿಗೆ ಮನಸ್ಸು ಕೆಡುತ್ತದೆ, ಅದು ಕಾಯಿಲೆ, ಅದಕ್ಕೆ ಆಸ್ಪತ್ರೆ ಇದೆ ಎಂದು ನನಗೆ ಹೇಳಿದ್ದು ಅದೇ ಕಾದಂಬರಿ. ತ್ರಿವೇಣಿಯವರು ಮನಃಶಾಸ್ತ್ರ ಓದಿದವರು, ಸುಮ್ನೆ ಬರೆದದ್ದಲ್ಲ. ಅಪ್ಪನ ಕಾಲು ಹಿಡಿದು ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಗುಣವಾದಳು. ಇವತ್ತು ಮೊಮ್ಮಕ್ಕಳನ್ನು ಸಾಕುತ್ತಿದ್ದಾಳೆ, ನೋಡುತ್ತಿದ್ದೀರಿ. ಆದರೆ ಅಷ್ಟು ದಿನ ಯಾಕೆ ಬಚ್ಚಿಟ್ಟೆಯೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ: ಹೇಳಿದರೆ ಏನನ್ನು ಒಲೆಗೆ ಹಾಕುತ್ತೀರೋ ಎಂದು ಭಯವಿತ್ತು ಅಕ್ಕ.

ಅದಕ್ಕೇ ಮಗಳೇ, ಇನ್ನೊಂದು ಸಲ ಹೇಳುತ್ತೇನೆ, ಕಿತ್ತುಕೊಳ್ಳಬೇಡ. ಕಿತ್ತುಕೊಂಡರೆ ಮಗು ಓದುವುದನ್ನು ಬಿಡುತ್ತದೋ ಇಲ್ಲವೋ, ಬಚ್ಚಿಡುವುದನ್ನಂತೂ ಕಲಿಯುತ್ತದೆ.

ಆ ಕಾದಂಬರಿಯನ್ನು ಈ ಕಾರ್ತಿಕದಲ್ಲಿ ಮತ್ತೆ ಓದಿದೆ. ಹುಡುಗಿಯಾಗಿದ್ದಾಗ ಕಾವೇರಿಗೆ ಹುಚ್ಚು ಹಿಡಿಯುವ ಭಾಗಕ್ಕೆ ಅತ್ತಿದ್ದೆ. ಈ ಸಲ ಅವಳು ಗುಣವಾಗಿ ಮನೆಗೆ ಬಂದ ಮೇಲಿನ ಭಾಗ ನನ್ನನ್ನು ಜಾಸ್ತಿ ಅಲ್ಲಾಡಿಸಿತು. ಆಸ್ಪತ್ರೆ ಗುಣ ಮಾಡಿ ಕಳಿಸಿದೆ, ಊರು ಮಾತ್ರ ಹುಚ್ಚಿ ಎಂದೇ ನೋಡುತ್ತದೆ. ಗಂಡನೇ ನಂಬುವುದಿಲ್ಲ.

ಅದು ಮುಗಿದ ಮೇಲೆ 'ಗೃಹಭಂಗ' ಹಿಡಿದೆ. ಅದನ್ನು ಬರೆದ ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ಹೋದರಲ್ಲ, ಅವತ್ತೇ ಕಪಾಟಿನಿಂದ ತೆಗೆದಿಟ್ಟಿದ್ದೆ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, ಆ ಪುಸ್ತಕದ ಮಾತು ನಮ್ಮ ಕಡೆಯದೇ. ನಂಜಮ್ಮನನ್ನು ನೋಡು. ಕೈಲಾಗದ ಗಂಡ, ಬಾಯಿಬಡುಕಿ ಅತ್ತೆ. ಅವಳೇ ಶಾನುಭೋಗಿಕೆಯ ಲೆಕ್ಕ ಬರೆಯಬೇಕು, ಅವಳೇ ಮುತ್ತುಗದ ಎಲೆ ಹಚ್ಚಿ ಮಾರಬೇಕು. ಪ್ಲೇಗು ಬಂದು ಮನೆಯಲ್ಲಿ ಒಬ್ಬೊಬ್ಬರನ್ನೇ ಎಳೆದುಕೊಂಡು ಹೋಗುವ ಪುಟಗಳನ್ನು ಒಂದೇ ಸಲ ಕೂತು ಓದಲು ನನ್ನಿಂದಾಗಲಿಲ್ಲ. ಭೈರಪ್ಪನವರು ಚಿಕ್ಕವರಿದ್ದಾಗ ಅವರ ಮನೆಗೂ ಪ್ಲೇಗು ಬಂದಿತ್ತು. ಒಂದು ವಾಕ್ಯದಲ್ಲೂ ಅಲಂಕಾರವಿಲ್ಲ. ಅದಕ್ಕೇ ತಾಗುತ್ತದೆ.

ಮಧ್ಯದಲ್ಲಿ ಭಾರ ಇಳಿಸಿಕೊಳ್ಳಲು ಸಣ್ಣ ಪುಸ್ತಕ ಎಂದು ವಿವೇಕ ಶಾನಭಾಗರ 'ಘಾಚರ್ ಘೋಚರ್' ತೆಗೆದೆ. ಸಣ್ಣದೇನೋ ಹೌದು, ಭಾರ ಇಳಿಯಲಿಲ್ಲ. ಮನೆಗೆ ದುಡ್ಡು ಬಂದ ಮೇಲೆ ಮನೆಯವರು ಹೇಗಾಗುತ್ತಾರೆ ಎಂಬುದು ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ. ಕಾಫಿಗೆ ರೇಟು ಬಂದ ವರ್ಷ ನಮ್ಮ ಬಂಧುಗಳಲ್ಲೇ ಇಂಥದ್ದನ್ನು ನೋಡಿದ್ದೇನೆ. ಹೆಸರು ಹೇಳುವುದಿಲ್ಲ.

ಇಷ್ಟು ಹೇಳುವಾಗ ಇನ್ನೊಂದು ಹೇಳದೆ ಇರಲಾರೆ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಕನ್ನಡದ ಪುಸ್ತಕಕ್ಕೆ ಮೊದಲ ಸಲ, ಸಣ್ಣಕಥೆಯ ಸಂಕಲನಕ್ಕೂ ಮೊದಲ ಸಲ. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಮಡಿಕೇರಿಯ ಹೆಣ್ಣುಮಗಳು. ಅವತ್ತು ಈ ಗ್ರೂಪಿನಲ್ಲಿ ಏನು ಸಂಭ್ರಮ! ಹೂವು, ಚಪ್ಪಾಳೆ, ನಮ್ಮ ಹಾಸನದ ಹೆಮ್ಮೆ ಎಂದು ಒಂದೇ ಫೋಟೋವನ್ನು ಎಲ್ಲರೂ ಹಾಕಿದಿರಿ. ನಾನು ಅವರ ಕಥೆಗಳು ನನ್ನ ಹತ್ತಿರ ಇವೆ, ಯಾರಿಗೆ ಬೇಕು ಎಂದು ಕೇಳಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ಬೇಲೂರು ಭಾವ ಅದರ ಕೆಳಗೇ ಅಡಿಕೆ ರೇಟು ಹಾಕಿದರು. ನನಗೆ ಬಹಳ ಬೇಜಾರಾಯಿತು, ಇವತ್ತಿಗೂ ಇದೆ. 'ಎದೆಯ ಹಣತೆ' ಕಥೆಯಲ್ಲಿ ಸಾಯಲು ಹೊರಟ ತಾಯಿಯನ್ನು ಮಗಳು ತಡೆದು ನಿಲ್ಲಿಸುತ್ತಾಳೆ. ಅದನ್ನು ಓದಿದ ರಾತ್ರಿ ನಾನು ದೀಪ ಆರಿಸಲಿಲ್ಲ. ಅಂಥದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದಲ್ಲ, ಯಾರ ಹತ್ತಿರ ಹೇಳಲಿ? ಮೂಡಿಗೆರೆ ಮನೆ ಪಾಲಾದಾಗಲೂ ಹೀಗೇ. ಗದ್ದೆ ಅಳೆದರು, ತಾಮ್ರದ ಹಂಡೆ ತೂಗಿದರು, ಹಲಸಿನ ಮರದ ದಿಮ್ಮಿಗೂ ಜಗಳವಾಯಿತು. ಅಪ್ಪನ ಪುಸ್ತಕದ ಪೆಟ್ಟಿಗೆ ಮಾತ್ರ ಯಾರಿಗೂ ಬೇಡ. ನಾನು ಬಸ್ಸಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಅರ್ಧಕ್ಕೆ ಗೆದ್ದಲು. ನನ್ನ 'ಫಣಿಯಮ್ಮ' ತೆಗೆದುಕೊಂಡು ಹೋದವರು ಇದೇ ಗ್ರೂಪಿನಲ್ಲಿದ್ದೀರಿ. ದಯವಿಟ್ಟು ವಾಪಸ್ ಕೊಡಿ. ಆ ಕಾದಂಬರಿಯ ಎಂ.ಕೆ. ಇಂದಿರಾ ಬರೆಯಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ, ಆ ಪುಸ್ತಕವನ್ನು ನಾನು ಸೊಸೆಗೆ ಓದಿಸಬೇಕು ಎಂದು ಕಾಯುತ್ತಿದ್ದೇನೆ.

ಇಂಥ ಮನೆತನದಲ್ಲಿ ಒಂದು ಮಗು ತಾನಾಗಿ ಪುಸ್ತಕ ಹಿಡಿದಿದೆ. ಅದನ್ನು ಅಟ್ಟಕ್ಕೆ ಹಾಕುತ್ತೀರಾ?

ಅಳಿಯಂದಿರ ಭಯ ನನಗೂ ಅರ್ಥವಾಗುತ್ತದೆ. ಮಾರ್ಚಿ ದೂರವಿಲ್ಲ. ಪುಟ್ಟಿ ಬಯಾಲಜಿ ಓದುವವಳು ತಾನೇ, ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೊಡು. ಬಾಟನಿ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದು. ಗಿಡದ ಚಿತ್ರವನ್ನೂ ಅವರೇ ಬರೆದಿದ್ದಾರೆ. ದಿನಕ್ಕೆ ನಾಲ್ಕು ಪುಟ ಓದಿ ಮುಚ್ಚಿಡಬಹುದು, ಮುಂದೆ ಏನಾಯಿತೋ ಎಂದು ಒದ್ದಾಡಿಸುವುದಿಲ್ಲ. ತೇಜಸ್ವಿಯವರ 'ಕರ್ವಾಲೊ' ಪರೀಕ್ಷೆ ಮುಗಿದ ಮಾರನೇ ದಿನಕ್ಕೆ ಇಟ್ಟುಕೊಳ್ಳಲಿ, ಅದರಲ್ಲಿ ಬರುವ ಹಾರುವ ಓತಿಯ ಹಿಂದೆ ಬಿದ್ದರೆ ಅವಳು ಊಟಕ್ಕೂ ಏಳುವುದಿಲ್ಲ. ಆ ವಿಜ್ಞಾನಿ, ಆ ಮಂದಣ್ಣ, ಆ ಮಳೆ, ಎಲ್ಲ ನಮ್ಮ ಮೂಡಿಗೆರೆಯದು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಡುಮನೆಯಲ್ಲಿ ಎಲ್ಲರ ಎದುರಿಗೇ ಕೂತು ಓದಲಿ. ಆ ಹೊತ್ತಿಗೆ ನೀವಿಬ್ಬರೂ ಫೋನ್ ಕೆಳಗಿಡಿ. ಎದುರಿಗೇ ಓದುವ ಮಗು ಫಿಸಿಕ್ಸ್ ಪುಸ್ತಕದೊಳಗೆ ಯಾಕೆ ಬಚ್ಚಿಡುತ್ತದೆ?

ಅಯ್ಯೋ, ತಡಿ, ಮುಖ್ಯವಾದದ್ದನ್ನೇ ಹೇಳಲಿಲ್ಲ. ತಲೆನೋವು ಅಂದೆಯಲ್ಲ! ಗೌರಿ ಹಬ್ಬಕ್ಕೆ ಬಂದಾಗ ಪುಟ್ಟಿ ಟಿವಿ ಮುಂದೆ ಸರಿದು ಸರಿದು ಕೂರುತ್ತಿದ್ದಳು. ಪುಸ್ತಕವನ್ನೂ ಮೂಗಿನ ಹತ್ತಿರ ಹಿಡಿಯುತ್ತಾಳೆ. ಬೇಲೂರಿನ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡಿ ನೋಡಿದ್ದು ನನಗೆ ಈಗ ನೆನಪಾಗುತ್ತಿದೆ. ಮಗಳೇ, ಅವಳಿಗೆ ದೂರದ್ದು ಸರಿಯಾಗಿ ಕಾಣುತ್ತಿಲ್ಲವೇನೋ. ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡು ಕಾಣದಿದ್ದರೆ ಫಿಸಿಕ್ಸ್ ಲೆಕ್ಕ ಹೇಗೆ ತಲೆಗೆ ಹತ್ತುತ್ತದೆ? ಇವತ್ತು ರಾತ್ರಿಯೇ ಮೆಲ್ಲಗೆ ಕೇಳು, ಬೈದು ಕೇಳಬೇಡ. ಒಂದು ಕಣ್ಣು ಮುಚ್ಚಿಸಿ ಎದುರು ಗೋಡೆಯ ಕ್ಯಾಲೆಂಡರ್ ಓದಿಸು, ಆಮೇಲೆ ಇನ್ನೊಂದು ಕಣ್ಣು.

ಕನ್ನಡಕದ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿಸಿ ಮುಗಿಸಬೇಡ. ಚಿಕ್ಕಮಗಳೂರಿನಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸು, ಇಲ್ಲಿಯವರೆಗೆ ಬರಬೇಕಾಗಿಲ್ಲ. ತಲೆನೋವಿಗೆ ಬೇರೆ ಕಾರಣ ಇರಬಹುದು ಅನ್ನಿಸಿದರೆ ಅದನ್ನೂ ಅವರೇ ಹೇಳುತ್ತಾರೆ. ಪರೀಕ್ಷೆ ಮಾಡಲು ಕಣ್ಣಿಗೆ ಡ್ರಾಪ್ಸ್ ಹಾಕಬಹುದು. ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಅದಕ್ಕೆ ಮಾರನೇ ದಿನ ಟೆಸ್ಟ್ ಇದ್ದರೆ ಅವತ್ತು ಬೇಡ. ಸ್ಕೂಟರಿನಲ್ಲಿ ಅವಳೊಬ್ಬಳನ್ನೇ ಕಳಿಸಬೇಡ, ನೀನೂ ಜೊತೆಗೆ ಹೋಗು. ಡಾಕ್ಟರ್ ಏನು ಹೇಳಿದರು ಎಂದು ಅವತ್ತೇ ನನಗೆ ಫೋನ್ ಮಾಡು, ಇಲ್ಲಿ ಗ್ರೂಪಿನಲ್ಲಿ ಹಾಕಬೇಡ.