ಮುರುಗಲು, ಪುನರ್ಪುಳಿ: ನಿಮ್ಮ ಮನೆಯಲ್ಲಿ ಹೇಗೆ ಬಳಸುತ್ತೀರಿ?

ಕೇಳಿದವರು, ಬೆಂಗಳೂರು: ಊರಿಂದ ಅತ್ತೆ ಒಂದು ಚೀಲ ಒಣ ಪುನರ್ಪುಳಿ (ಕೋಕಂ ಹಣ್ಣು) ಸಿಪ್ಪೆ ಕಳಿಸಿದ್ದಾರೆ. ಪಿತ್ತಕ್ಕೆ ಒಳ್ಳೆಯದು, ತಂಪು ಅನ್ನುತ್ತಾರೆ. ತೂಕ ಇಳಿಯುತ್ತದೆ ಅಂತಲೂ ಯಾರೋ ಹೇಳಿದರು. ನಮ್ಮ ಮನೆಯವರಿಗೆ ಶುಗರ್ ಇದೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಪುತ್ತೂರಿನಿಂದ: ಅಕ್ಕಾ, ಮೊದಲು ಸಾರು ಮಾಡಿ ನೋಡಿ. ಏಳೆಂಟು ಸಿಪ್ಪೆ ತೊಳೆದು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ನೀರು ಕಡುಗೆಂಪಾಗುತ್ತದೆ. ಆ ನೀರಿಗೇ ಉಪ್ಪು, ಸೀಳಿದ ಹಸಿಮೆಣಸು, ಚೂರೇ ಚೂರು ಬೆಲ್ಲ ಹಾಕಿ ಕುದಿಸಿ. ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಳೆ ಬೇಡ. ಅನ್ನಕ್ಕೂ ಆಗುತ್ತದೆ, ಲೋಟಕ್ಕೆ ಹಾಕಿ ಕುಡಿಯಲಿಕ್ಕೂ ಆಗುತ್ತದೆ. ಯಜಮಾನರಿಗೆ ಬೆಲ್ಲ ಬಿಟ್ಟು ಮಾಡಿ. ನಮ್ಮಲ್ಲಿ ಮೈಮೇಲೆ ಪಿತ್ತದ ಗಂಧೆ ಎದ್ದರೆ ಇದನ್ನೇ ಕುಡಿಸುವುದು, ಸಿಪ್ಪೆ ಅರೆದು ಹಚ್ಚುವುದೂ ಉಂಟು. ತುರಿಕೆ ತಗ್ಗಿದ್ದನ್ನು ನಾನೇ ನೋಡಿದ್ದೇನೆ. ಆದರೆ ತುಟಿ, ಮುಖ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ ಮನೆಮದ್ದು ಅಂತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಕುಮಟಾದಿಂದ: ಒಂದು ಮಾತು ಸೇರಿಸುತ್ತೇನೆ. ಕೆಲವು ಕಡೆ ಸಿಪ್ಪೆಗೆ ಉಪ್ಪು ಹಾಕಿ ಒಣಗಿಸುತ್ತಾರೆ. ಚೂರು ಬಾಯಿಗೆ ಹಾಕಿ ನೋಡಿ, ಆಮೇಲೆ ಸಾರಿಗೆ ಉಪ್ಪು ಹಾಕಿ. ಬಿಪಿ ಇರುವವರಂತೂ ಇದನ್ನು ಗಮನಿಸಲೇಬೇಕು. ಅಲ್ಯೂಮಿನಿಯಂ, ತಾಮ್ರದ ಪಾತ್ರೆಯೂ ಬೇಡ, ಹುಳಿಗೆ ಲೋಹ ಬಿಡುತ್ತದೆ. ಸ್ಟೀಲ್ ಸಾಕು.

ಶಿರಸಿಯಿಂದ: ನಾವು ಮುರುಗಲು ಅನ್ನುತ್ತೇವೆ. ಬೇಸಿಗೆಯಲ್ಲಿ ಹಣ್ಣಾಗುತ್ತದೆ, ಮಳೆ ಹಿಡಿಯುವುದರೊಳಗೆ ಕೊಯ್ದು ಒಣಗಿಸಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಹಾಗಾಗಿ ನಿಮ್ಮ ಚೀಲ ಬಿಚ್ಚಿ, ಒಂದು ಬಿಸಿಲು ತೋರಿಸಿ, ಗಾಜಿನ ಭರಣಿಗೆ ತುಂಬಿ. ಒದ್ದೆ ಕೈ ಹಾಕಬೇಡಿ. ಸಕ್ಕರೆ ಪಾಕದ ಶರಬತ್ತು ರುಚಿ ಹೌದು, ಆದರೆ ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ. ಶುಗರ್ ಇದ್ದವರಿಗೆ ಬೇಡವೇ ಬೇಡ. ಅವರಿಗೆ ನೆನೆಸಿದ ನೀರಿಗೆ ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿ ಕೊಡಿ.

ಬೀಜದ ವಿಷಯ ಯಾರೂ ಹೇಳಲಿಲ್ಲ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದೇ ಮುರುಗಲ ತುಪ್ಪ. ಮೈಯ ಬಿಸಿಗಿಂತ ಚೂರು ಹೆಚ್ಚಿನ ಶಾಖದಲ್ಲಿ, 40 ಡಿಗ್ರಿ ಆಸುಪಾಸಿನಲ್ಲಿ ಕರಗುವುದರಿಂದ ಬೆರಳಲ್ಲಿ ತಿಕ್ಕಿ ತಿಕ್ಕಿ ಹಚ್ಚಬೇಕು, ಇಲ್ಲವೇ ಚಮಚದಲ್ಲಿ ಬಿಸಿ ಮಾಡಬೇಕು. ಹಿಮ್ಮಡಿ ಒಡೆದರೆ ರಾತ್ರಿ ಕಾಲು ತೊಳೆದು, ಒರೆಸಿ, ಬಿರುಕಿನೊಳಗೆ ತುಂಬುವ ಹಾಗೆ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ. ಚಳಿಗಾಲದಲ್ಲಿ ತುಟಿಗೂ ಅದೇ. ನನ್ನ ಮಟ್ಟಿಗೆ ಇದರಷ್ಟು ಒಳ್ಳೆಯ ಮುಲಾಮು ಬೇರೆ ಇಲ್ಲ.

ಮಂಗಳೂರಿನಿಂದ: ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಾಗಿ ತೂಕದ ಬಗ್ಗೆ ಹೇಳಲೇಬೇಕು. ಈ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ತೂಕ ಇಳಿಸುತ್ತದೆ ಅನ್ನುವುದು ಇದನ್ನೇ. ಇದರ ಹತ್ತಿರದ ನೆಂಟ ಉಪ್ಪಾಗೆಯಲ್ಲೂ ಇದೆ. ಗಾರ್ಸಿನಿಯಾ ಅಂತ ಮಾತ್ರೆ ಮಾರುತ್ತಾರಲ್ವಾ, ಅದು ಹೆಚ್ಚಾಗಿ ಉಪ್ಪಾಗೆಯ ಸಾರ. ಜನರ ಮೇಲೆ ಪರೀಕ್ಷೆ ಮಾಡಿದಾಗ ತೂಕ ಇಳಿದದ್ದು ಅಷ್ಟಕ್ಕಷ್ಟೆ. ಆ ಮಾತ್ರೆ ನುಂಗಿ ಲಿವರ್ ಕೆಟ್ಟ ಪ್ರಕರಣಗಳೂ ಇವೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೆ ಹೆದರಬೇಡಿ, ಅದು ಊಟ. ಮಾತ್ರೆ ಮಾತ್ರ ಸುಮ್ನೆ ತರಿಸಿಕೊಳ್ಳಬೇಡಿ. ಆ ಕೆಂಪು ಬಣ್ಣ ಆಂಥೋಸಯನಿನ್‌ನದು, ನೇರಳೆ ಹಣ್ಣಿನಲ್ಲಿ ಇರುವ ಜಾತಿಯದೇ. ನಿಮ್ಮವರು ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬಿಟ್ಟು ಇದನ್ನು ಕುಡಿಸಬೇಡಿ, ಊಟದ ಜೊತೆ ಕೊಡಿ. ಎದೆ ಉರಿ ಇರುವವರು ಖಾಲಿ ಹೊಟ್ಟೆಗೆ ಕುಡಿಯುವುದು ಬೇಡ. ಹುಳಿ ಕೆಲವರಿಗೆ ಆಗಿಬರುವುದಿಲ್ಲ.