ಅಜ್ಜನ ಹತ್ಯಾರಿನ ಪೆಟ್ಟಿಗೆ: ಉಜ್ಜಿ ಹೊಳೆಸುವುದೋ, ಇದ್ದ ಹಾಗೇ ಉಳಿಸುವುದೋ?

ತೀರ್ಥಹಳ್ಳಿ ಮಳೆ: ನಮ್ಮಜ್ಜ ಮರಗೆಲಸದವರು. ಅವರ ಹಲಸಿನ ಮರದ ಹತ್ಯಾರಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೇವೆ. ಒಳಗೆ ಉಳಿಗಳು, ಕೀಸುಳಿ, ಬೈರಿಗೆ, ಹಿಡಿ ಮುರಿದ ಬಾಚಿ. ಹೊರಗೆ ಅಪ್ಪ ಯಾವ ಕಾಲದಲ್ಲೋ ಬಳಿದ ಹಸಿರು ಪೇಂಟು, ಅಲ್ಲಲ್ಲಿ ಚಕ್ಕೆ ಎದ್ದಿದೆ. ಮುಚ್ಚಳದ ಮೇಲೆ ವರ್ಷವರ್ಷದ ಆಯುಧಪೂಜೆಯ ಅರಿಶಿನ, ಕುಂಕುಮ, ಎಣ್ಣೆ ಸೇರಿ ಕಪ್ಪಗೆ ಗಟ್ಟಿಯಾಗಿದೆ. ತಳದ ಹಲಗೆ ಸೀಳಿದೆ. ಒಂದು ಕಾಲಿನಿಂದ ಹಿಟ್ಟು ಉದುರುತ್ತಿದೆ. ಅಣ್ಣನಿಗೆ ಇದನ್ನು ಬೆಂಗಳೂರಿನ ಫ್ಲ್ಯಾಟಿಗೆ ಒಯ್ದು, ಪಾಲಿಶ್ ಮಾಡಿಸಿ ಟಿ.ವಿ. ಕೆಳಗಿಡುವ ಆಸೆ. ನನಗೆ ಮನಸ್ಸಿಲ್ಲ. ಏನು ಹೇಳ್ತೀರಿ?

ಗುಜರಿಪ್ರೇಮಿ: ಅಣ್ಣ ಹೇಳಿದ್ದೇ ಸರಿ. ಸ್ಯಾಂಡರ್ ಹಿಡಿದರೆ ಅರ್ಧ ದಿನದ ಕೆಲಸ. ಮೇಲೆ ಪಿಯು (ಪಾಲಿಯುರೆಥೇನ್) ಕೋಟಿಂಗ್ ಹೊಡೆಸಿ. ಹಲಸಿನ ಆ ಹಳದಿ ಬಣ್ಣ ಹೊಮ್ಮಿದಾಗ ನೀವೇ ಬೆರಗಾಗ್ತೀರಿ.

ವಸ್ತುಪಾಲಕಿ: ದಯವಿಟ್ಟು ಸ್ಯಾಂಡರ್ ಹಿಡಿಯಬೇಡಿ. ಹಳೆಯ ಎಣ್ಣೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಮನೆಬಳಕೆಯ ಪೇಂಟಿನಲ್ಲಿ ಅದು 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರಲ್ಲಿ. ಒಣಗಿದ ಪೇಂಟು ಉಜ್ಜಿದರೆ ಆ ಧೂಳು ನೇರ ಶ್ವಾಸಕ್ಕೆ. ಇನ್ನು ಹಳದಿ ಬಣ್ಣದ ಮಾತು: ಬೆಳಕು ತಗುಲಿ ಅದು ಮತ್ತೆ ಕಂದಾಗುತ್ತದೆ. ಉಜ್ಜಿ ಕಳೆದ ಮೇಲ್ಮೈ ಮಾತ್ರ ಮರಳಿ ಬರುವುದಿಲ್ಲ.

ಕೀಸುಳಿ: ಮೇಡಂ, ನೀವು ಮ್ಯೂಸಿಯಂನವರು ಎಲ್ಲವನ್ನೂ ಗಾಜಿನೊಳಗೆ ಇಡ್ತೀರಿ. ನಾನು ಇವತ್ತಿಗೂ ಇದೇ ಕೆಲಸ ಮಾಡಿ ಉಣ್ಣುವವನು. ಕಾಲು ಲಡ್ಡಾದರೆ ನಮ್ಮ ಹಿರಿಯರು ಯಾರನ್ನೂ ಕೇಳದೆ ಬದಲಿಸುತ್ತಿದ್ದರು. ಹತ್ಯಾರಿನ ಪೆಟ್ಟಿಗೆ ದುಡಿಯುವ ವಸ್ತು ಮಾರಾಯ್ರೆ, ದೇವರ ಮಂಟಪ ಅಲ್ಲ.

ವಸ್ತುಪಾಲಕಿ: ಕಾಲು ಬದಲಿಸಬೇಡಿ ಅಂತ ನಾನೆಲ್ಲಿ ಹೇಳಿದೆ? 2008ರಲ್ಲಿ ದೆಹಲಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಂರಕ್ಷಕರ ಸಮ್ಮೇಳನವೇ ಇದನ್ನು ಮೂರು ಕೆಲಸವಾಗಿ ಬಿಡಿಸಿತು. ಹಾನಿ ಬಾರದ ಹಾಗೆ ನೋಡಿಕೊಳ್ಳುವುದು ಒಂದು, ನಡೆಯುತ್ತಿರುವ ಹಾನಿಯನ್ನು ನಿಲ್ಲಿಸುವುದು ಇನ್ನೊಂದು, ನೋಡಿದವರಿಗೆ ಅರ್ಥವಾಗುವಂತೆ ಸರಿಮಾಡುವುದು ಮತ್ತೊಂದು. ಈ ಪೆಟ್ಟಿಗೆಗೆ ಈಗ ಬೇಕಾದ್ದು ಎರಡನೆಯದು, ಅಂದರೆ ಆ ಹಿಟ್ಟು. ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿಡಿ. ಪೆಟ್ಟಿಗೆ ಅಲುಗಿಸದಿದ್ದರೂ ಹೊಸ ಹಿಟ್ಟು ಬಿದ್ದರೆ ಕುಟ್ಟೆ ಹುಳ ಜೀವಂತ ಇದೆ ಎಂದರ್ಥ.

ಕೀಸುಳಿ: ಅದು ಸರಿ. ಹಲಸಿನ ಕೆಚ್ಚಿಗೆ, ಅಂದರೆ ಮರದ ಗಟ್ಟಿ ಒಳಭಾಗಕ್ಕೆ, ಕುಟ್ಟೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆ ಕಾಲಿನಲ್ಲಿ ಮರದ ಬಿಳಿಭಾಗ ಬಂದಿರಬೇಕು, ನೋಡಿ.

ತೀರ್ಥಹಳ್ಳಿ ಮಳೆ: ಹೌದು, ಒಂದು ಅಂಚು ಬೆಳ್ಳಗಿದೆ! ಸೀಮೆಎಣ್ಣೆ ಹಚ್ಚಲೇ?

ವಸ್ತುಪಾಲಕಿ: ಬೇಡ. ಕಾಲು ಬಿಚ್ಚಲು ಬಂದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿ ಆಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೂ ಪೂರ್ತಿ ಬೆಚ್ಚಗಾಗುವವರೆಗೆ ಸುತ್ತು ಬಿಚ್ಚಬೇಡಿ, ತೇವ ಕೂರುತ್ತದೆ. ಬೇರೆ ಕಡೆಯೂ ರಂಧ್ರ ಕಂಡರೆ ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ವಿಚಾರಿಸಿ.

ಗುಜರಿಪ್ರೇಮಿ: ತಳದ ಸೀಳಿಗಾದರೂ ಪುಟ್ಟಿ ತುಂಬಿಸಬಹುದಾ, ಅದೂ ಪಾಪವಾ?

ಕೀಸುಳಿ: ಪಾಪ ಅಲ್ಲ, ದಡ್ಡತನ. ಮಳೆಗಾಲದಲ್ಲಿ ಹಲಗೆ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಸೀಳಿಗೆ ಗಟ್ಟಿ ಪುಟ್ಟಿ ತುಂಬಿದರೆ ಹಿಗ್ಗಲು ಜಾಗ ಇಲ್ಲದೆ ಇನ್ನೊಂದು ಕಡೆ ಬಿರಿಯುತ್ತೆ. ತೀರ್ಥಹಳ್ಳಿಯ ತೇವದಿಂದ ಬೆಂಗಳೂರಿನ ಒಣಹವೆಗೆ ಹೋದರೆ ಸೀಳು ಇನ್ನಷ್ಟು ಅಗಲವಾಗಬಹುದು. ಆಗಲಿ ಬಿಡಿ. ಆದರೆ ಆ ಹಸಿರು ಪೇಂಟು ಹೋಗಲೇಬೇಕು ಅಂತ ನನ್ನ ಮಾತು. ಅಜ್ಜ ಮಾಡಿದ್ದು ಮರ, ಹಸಿರಲ್ಲ.

ವಸ್ತುಪಾಲಕಿ: ಅಪ್ಪ ಬಳಿದದ್ದೂ ಪೆಟ್ಟಿಗೆಯ ಚರಿತ್ರೆಯೇ.

ಕೀಸುಳಿ: ಹಾಗಾದರೆ ನಾಳೆ ಅಣ್ಣ ಹೊಡೆಸುವ ಪಾಲಿಶೂ ಚರಿತ್ರೆಯೇ ಆಯ್ತಲ್ಲ!

ವಸ್ತುಪಾಲಕಿ: ಒಳ್ಳೆ ಪ್ರಶ್ನೆ. ಅಪ್ಪ ಮೇಲೆ ಬಳಿದರು, ಅಜ್ಜನ ಕೆಲಸ ಕೆಳಗೆ ಹಾಗೇ ಉಳಿಯಿತು. ಅಣ್ಣ ಪಾಲಿಶ್ ಮಾಡಿಸಬೇಕಾದರೆ ಮೊದಲು ಇಬ್ಬರದ್ದನ್ನೂ ಉಜ್ಜಿ ತೆಗೆಯಬೇಕು. ಕುಂಕುಮದ ಮುಚ್ಚಳಕ್ಕೂ ಇದೇ ಮಾತು: ಮೆತ್ತನೆ ಬ್ರಷ್‌ನಲ್ಲಿ ಧೂಳು ಝಾಡಿಸಿ, ನೀರು ಸೋಕಿಸಬೇಡಿ. ಇನ್ನೊಂದು ಕೆಲಸ, ಯಾವ ಉಪಕರಣ ಯಾವ ಗೂಡಿನಲ್ಲಿತ್ತು ಎಂದು ಫೋಟೋ ತೆಗೆದು ಬರೆದಿಡಿ. ಇಂಗ್ಲೆಂಡಿನ ರೋಚೆಸ್ಟರ್‌ನಲ್ಲಿ ಬೆಂಜಮಿನ್ ಸೀಟನ್ ಎಂಬ ಬಡಗಿ 1797ರಲ್ಲಿ ಮಾಡಿದ ಪೆಟ್ಟಿಗೆಯಿದೆ. ಉಪಕರಣಗಳ ಜೊತೆ ಅವುಗಳ ಪಟ್ಟಿಯೂ ಉಳಿದಿದ್ದರಿಂದಲೇ ಅದಕ್ಕೆ ಅಷ್ಟು ಬೆಲೆ.

ತೀರ್ಥಹಳ್ಳಿ ಮಳೆ: ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಮುಚ್ಚಳ ಮುಟ್ಟುವುದಿಲ್ಲ ಅಂತ ಒಪ್ಪಿದ್ದಾನೆ. ಪೇಂಟಿನ ಜಗಳ ಇನ್ನೂ ಮುಗಿದಿಲ್ಲ. ಕಾಲು ಉಳಿಯದಿದ್ದರೆ ಯಾವ ಮರ ಹಾಕಿಸಲಿ? ಬಾಚಿಗೆ ಹೊಸ ಹಿಡಿ ಹಾಕಿಸಬಹುದಾ?

ಕೀಸುಳಿ: ಹಲಸೇ ಹಾಕಿ, ಕೆಡವಿದ ಮನೆಯ ಹಳೇ ಪಕಾಸಿ ಸಿಕ್ಕರೆ ಇನ್ನೂ ಒಳ್ಳೆಯದು. ಫೆವಿಕಾಲ್ ಬೇಡ, ಮುಂದೆ ಬಿಚ್ಚಬೇಕಾದರೆ ಮರವೇ ಕಿತ್ತು ಬರುತ್ತೆ. ಹೊಸ ಕಾಲಿನ ಒಳಮೈಗೆ ಇಸವಿ ಕೊರೆಸಿ. ಬಾಚಿಗೆ ಹಿಡಿ ಹಾಕಿಸಿ, ಮುರಿದದ್ದನ್ನು ಎಸೆಯದೆ ಪೆಟ್ಟಿಗೆಯಲ್ಲೇ ಇಡಿ. ಮೇಡಂ ಇದಕ್ಕೂ ಬೈಯಲಿಕ್ಕಿಲ್ಲ ಅಂದುಕೊಂಡಿದ್ದೇನೆ.