ಡ್ರಿಲ್ ಹಿಡಿದ ಬ್ಯಾಂಡ್ ಇಷ್ಟು ಸುಮ್ಮನಾಗಿದ್ದು ಯಾಕೆ?

ತಗಡುಡಬ್ಬ: ತಗಡು, ಕಬ್ಬಿಣ, ಡ್ರಿಲ್ಲುಗಳನ್ನೇ ವಾದ್ಯ ಮಾಡಿಕೊಂಡ ಬರ್ಲಿನ್ನಿನ ಬ್ಯಾಂಡ್ ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬೌಟನ್ ಕೇಳುವವರು ಯಾರಾದರೂ ಇದ್ದೀರಾ? ಅವರ 1981ರ ಆಲ್ಬಮ್ ‘ಕೊಲಾಪ್ಸ್’ ಕೇಳಿ ತಲೆ ಗಿರ್ ಅಂದಿತ್ತು. ಅದೇ ಖುಷಿಯಲ್ಲಿ 2000ದ ‘ಸೈಲೆನ್ಸ್ ಈಸ್ ಸೆಕ್ಸಿ’ ಹಾಕಿದೆ. ಟೈಟಲ್ ಹಾಡಿನಲ್ಲಿ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್ ಸಿಗರೇಟು ಎಳೆಯುವ ಸದ್ದು ಬರುತ್ತದೆ, ಮಧ್ಯೆ ಮಧ್ಯೆ ಏನೂ ಇಲ್ಲ, ಹೆಡ್‌ಫೋನ್ ಕೆಟ್ಟಿತೇನೋ ಅಂತ ವೈರ್ ಅಲ್ಲಾಡಿಸಿ ನೋಡಿದೆ. ಇವರಿಗೆ ವಯಸ್ಸಾಯಿತಾ?

ರಾತ್ರಿಪಾಳಿ: ವಯಸ್ಸು ಅಲ್ಲ ಮಾರಾಯರೇ. 1984ರಲ್ಲಿ ಲಂಡನ್ನಿನ ಐಸಿಎ ಎಂಬ ಕಲಾಕೇಂದ್ರದಲ್ಲಿ ವೇದಿಕೆಯನ್ನೇ ಕೊರೆಯಲು ಹೋಗಿ ಕಾರ್ಯಕ್ರಮ ಅರ್ಧಕ್ಕೇ ನಿಂತಿತ್ತು. ಅದಾದ ಮೇಲೆ ಇನ್ನೂ ಜೋರು ಅಂದರೆ ಕಟ್ಟಡ ಕೆಡವಬೇಕಷ್ಟೇ! ಜೊತೆಗೆ ಕಬ್ಬಿಣ ಬಡಿಯುತ್ತಿದ್ದ ಎಫ್.ಎಂ. ಐನ್‌ಹೈಟ್ 90ರ ದಶಕದ ಮಧ್ಯದಲ್ಲಿ ಬಿಟ್ಟುಹೋದರು. ಸದ್ದಿನ ಲೆಕ್ಕವೇ ಬದಲಾಯಿತು.

ಹಳೇಕ್ಯಾಸೆಟ್: ನನಗಂತೂ ಈ ಮೆಲ್ಲಗಿನ ಆಲ್ಬಮ್ಮೇ ಜಾಸ್ತಿ ಇಷ್ಟ. ತಗಡನ್ನು ಬಡಿದರೆ ಒಂದೇ ಢಮಾರ್, ಅದನ್ನೇ ಬೆರಳಿನಲ್ಲಿ ಸವರಿದರೆ ಒಳಗಿನಿಂದ ಸಣ್ಣ ಗುಂಯ್ ಬರುತ್ತದಲ್ಲ, ಅದನ್ನು ಕೇಳಿಸಲು ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಅದು ಕಷ್ಟದ ಕೆಲಸ. ಈಗ ಜೋರಾಗಿ ಬಡಿದೇ ಬಿಡುತ್ತಾರೆ ಅಂತ ಕಾಯುತ್ತಾ ಭುಜ ಬಿಗಿಯಾಗುತ್ತದೆ. ಬಡಿಯುವುದೇ ಇಲ್ಲ. ಬಸ್ಸಿನಲ್ಲಿ ಮಾತ್ರ ಕೇಳಬೇಡಿ.

ತಗಡುಡಬ್ಬ: ಅಯ್ಯೋ, ನಾನು ಕೇಳಿದ್ದೇ ಬಸ್ಸಿನಲ್ಲಿ! ಇವತ್ತು ರಾತ್ರಿ ಫ್ಯಾನ್ ಆರಿಸಿ ಮತ್ತೆ ಹಾಕುತ್ತೇನೆ.